ಟವೆಲ್ಲಿನ ಕೆಳಗಿನ ಬೆಲೆ

ಕಳೆದ ವರ್ಷ ಐದು ಕಿಲೋ ಲೋಹದ ಬೆಲೆ ಎಷ್ಟೆಂದು ತಿಳಿದುಕೊಳ್ಳಲು ನನಗೆ ಹನ್ನೊಂದು ದಿನ ಹಿಡಿಯಿತು. ಕೊಳ್ಳುವ ಮಾತು ಆಮೇಲಿನದು, ಬೆಲೆ ತಿಳಿಯುವುದಕ್ಕೇ ಅಷ್ಟು ದಿನ. ಅಷ್ಟರಲ್ಲಿ ಆ ಲೋಹದಿಂದ ಮಾಡಿಕೊಡಬೇಕಿದ್ದ ಕೆಲಸವೇ ಕೈಬಿಟ್ಟು ಹೋಗಿತ್ತು.

ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನನ್ನದೊಂದು ಗಾಲಾ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಮಶೀನು, ಮೂವರು ಹುಡುಗರು, ಜೊತೆಗೆ ನಾನು. ಬೊಯಿಸರ್ ಕಡೆಯ ಒಂದು ಕೆಮಿಕಲ್ ಕಾರ್ಖಾನೆಯವರು ಆಸಿಡ್ ಪಂಪಿನ ಎರಡು ಶಾಫ್ಟ್ ಸ್ಲೀವ್ ಕೇಳಿದ್ದರು. ಪಂಪಿನಲ್ಲಿ ಓಡುವುದು ಹೈಡ್ರೋಕ್ಲೋರಿಕ್ ಆಸಿಡ್. ನಾವು ದಿನಾ ಕಾಣುವ ಸ್ಟೇನ್‌ಲೆಸ್ ಸ್ಟೀಲನ್ನು ಅದು ತಿಂದು ಹಾಕುತ್ತದೆ. ಹಾಗಾಗಿ ಡ್ರಾಯಿಂಗಿನಲ್ಲಿ ಸ್ಪಷ್ಟವಾಗಿ ಹ್ಯಾಸ್ಟೆಲಾಯ್ ಸಿ-276 ಎಂದು ಬರೆದಿತ್ತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್, ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ತಲಾ ಸುಮಾರು 16%, ಒಂದಿಷ್ಟು ಟಂಗ್‌ಸ್ಟನ್, ಒಂದಿಷ್ಟು ಕಬ್ಬಿಣ. ನನಗೆ ಬೇಕಾದದ್ದು 50 ಮಿಲಿಮೀಟರ್ ವ್ಯಾಸದ ರೌಂಡ್ ಬಾರಿನಲ್ಲಿ 300 ಮಿಲಿಮೀಟರ್ ಉದ್ದದ ಒಂದು ತುಂಡು. ತೂಕ ಐದು ಕಾಲು ಕಿಲೋ. ಪರ್ಚೇಸ್ ಎಂಜಿನಿಯರು ಮೂರು ದಿನದಲ್ಲಿ ಕೊಟೇಶನ್ ಕೇಳಿದ್ದರು.

ಮೊದಲು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಚಿತ್ರ ಇದೆ, ರಾಸಾಯನಿಕ ಪಟ್ಟಿ ಇದೆ, ‘ಎಲ್ಲ ಸೈಜೂ ರೆಡಿ ಸ್ಟಾಕ್’ ಎಂಬ ಮಾತಿದೆ. ಬೆಲೆ ಇರಬೇಕಾದ ಜಾಗದಲ್ಲಿ ಮಾತ್ರ ‘ಬೆಲೆ ಕೇಳಿ’ ಎಂಬ ಗುಂಡಿ. ಒತ್ತಿದೆ. ಹತ್ತು ನಿಮಿಷದೊಳಗೆ ಫೋನುಗಳು ಶುರುವಾದವು. ಬೆಲೆ ಕೇಳಿದವನು ನಾನು, ಆದರೆ ಪ್ರಶ್ನೆಗಳೆಲ್ಲ ಅವರವು. ಯಾವ ಕಂಪನಿ? ವರ್ಷಕ್ಕೆ ಎಷ್ಟು ಮಾಲು ತೆಗೆಯುತ್ತೀರಿ? ಇದು ಯಾವ ಪಾರ್ಟಿಗೆ ಹೋಗುತ್ತದೆ? ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: “ನಿಮ್ಮ ಟಾರ್ಗೆಟ್ ಪ್ರೈಸ್ ಎಷ್ಟು, ಹೇಳಿ.”

ಟಾರ್ಗೆಟ್ ಪ್ರೈಸ್ ಅಂದರೆ, ನಾನು ಎಷ್ಟು ಕೊಡಲು ತಯಾರಿದ್ದೇನೆ ಎಂಬುದು. ನಾನು ಹೆಚ್ಚು ಹೇಳಿದರೆ ಅದೇ ಅವರ ಬೆಲೆ. ಕಡಿಮೆ ಹೇಳಿದರೆ, “ಅಯ್ಯೋ, ಆ ರೇಟಿಗೆ ಸಿ-276 ಸಿಗುವುದಿಲ್ಲ ಸಾಹೇಬ್ರೆ” ಎಂದು ಫೋನಿಡುತ್ತಾರೆ. ನಿಜವಾದ ಬೆಲೆ ಎಷ್ಟೆಂಬುದು ಎರಡೂ ಸಲ ತಿಳಿಯುವುದಿಲ್ಲ.

ನಾಲ್ಕನೆಯ ದಿನ ಕೆಲಸ ಹುಡುಗರಿಗೆ ಒಪ್ಪಿಸಿ ಲೋಕಲ್ ಹಿಡಿದು ಪೇಟೆಗೇ ಹೋದೆ. ಮುಂಬಯಿಯ ಲೋಹದ ವ್ಯಾಪಾರ ಬಹುಪಾಲು ಇರುವುದು ಕುಂಭಾರವಾಡಾ, ಖೇತವಾಡಿ, ಸಿ.ಪಿ. ಟ್ಯಾಂಕ್, ಗುಲಾಲವಾಡಿಯ ಗಲ್ಲಿಗಳಲ್ಲಿ. ಹಳೆಯ ಕಟ್ಟಡಗಳ ಕೆಳಗೆ ಎಂಟಡಿ ಅಗಲದ ಅಂಗಡಿ. ಬಾಗಿಲಲ್ಲಿ ತುದಿಗೆ ಬಣ್ಣ ಬಳಿದ ಒಂದಷ್ಟು ಬಾರುಗಳು, ಒಳಗೆ ಗಾದಿ, ಟೆಲಿಫೋನು, ದೇವರ ಫೋಟೋ. ನಿಜವಾದ ಮಾಲು ಕಳಂಬೋಲಿಯಲ್ಲೋ ಭಿವಂಡಿಯಲ್ಲೋ ಯಾವುದೋ ಗೋದಾಮಿನಲ್ಲಿರುತ್ತದೆ. ನೀರಿನೊಳಗಿನ ಎಮ್ಮೆಗೆ ದಂಡೆಯ ಮೇಲೆ ವ್ಯಾಪಾರ ಎನ್ನುತ್ತಾರಲ್ಲ, ಹಾಗೆ. ಒಬ್ಬರು ಕುಳ್ಳಿರಿಸಿ ಕಟಿಂಗ್ ಚಹಾ ಕುಡಿಸಿದರು, ಬೆಲೆ ಹೇಳಲಿಲ್ಲ. ಇನ್ನೊಬ್ಬರು ಲೆಟರ್‌ಹೆಡ್ಡಿನಲ್ಲಿ ಮೇಲ್ ಕಳಿಸಿ ಎಂದರು. ಮತ್ತೊಬ್ಬರು ನನ್ನ ಚಪ್ಪಲಿಯಿಂದ ಹಿಡಿದು ಮೇಲಿನವರೆಗೆ ನೋಡಿ, “ಒಂದು ಅಡಿ ತುಂಡಾ?” ಎಂದು ಮುಖ ತಿರುಗಿಸಿದರು.

ಅಲ್ಲಿಂದ ನಡೆದು ಹೋದರೆ ಝವೇರಿ ಬಜಾರು. ಅಲ್ಲಿ ಅಂಗಡಿಯೊಳಗೆ ಕಾಲಿಡುವ ಮೊದಲೇ ಈ ದಿನದ ಚಿನ್ನದ ದರ, ಬೆಳ್ಳಿಯ ದರ ಬೋರ್ಡಿನಲ್ಲಿ ಕಾಣುತ್ತದೆ. ಬಡವ ಹೋದರೂ ಅದೇ ದರ, ಶ್ರೀಮಂತ ಹೋದರೂ ಅದೇ ದರ. ಚೌಕಾಸಿ ಏನಿದ್ದರೂ ಮಜೂರಿಯ ಮೇಲೆ. ಅಷ್ಟು ಬೆಲೆಬಾಳುವ ಲೋಹಕ್ಕೆ ಬೋರ್ಡಿದೆ, ಪಂಪಿನ ಸ್ಲೀವಿಗೆ ಬೇಕಾದ ಲೋಹಕ್ಕೆ ಇಲ್ಲ.

ಒಂದೇ ಹೀಟ್, ಎರಡು ಬೆಲೆ

ಒಂಬತ್ತನೆಯ ದಿನದ ಹೊತ್ತಿಗೆ ಎರಡು ಬೆಲೆ ಕೈಗೆ ಬಂದವು. ಒಬ್ಬರದು ಕಿಲೋಗೆ 3,300 ರೂಪಾಯಿ. ಇನ್ನೊಬ್ಬರದು 4,650. ಇಷ್ಟು ಅಂತರ ಯಾಕೆ ಎಂದು ಕೇಳಿದಾಗ ಎರಡನೆಯವರು, “ನಮ್ಮ ಮಾಲು ಅಸಲಿ, ಟಿ.ಸಿ. ನೋಡಿ” ಎಂದು ಟೆಸ್ಟ್ ಸರ್ಟಿಫಿಕೇಟನ್ನು ವಾಟ್ಸಾಪಿನಲ್ಲಿ ಕಳಿಸಿದರು. ಮೊದಲನೆಯವರನ್ನೂ ಕೇಳಿದೆ, ಅವರೂ ಕಳಿಸಿದರು.

ಈ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಕಾರ್ಖಾನೆಯಲ್ಲಿ ಒಂದು ಸಲ ಕುಲುಮೆಯಲ್ಲಿ ಕರಗಿಸಿದ ಲೋಹದ ಪೂರ್ತಿ ಪಾಕಕ್ಕೆ ಒಂದು ಸಂಖ್ಯೆ ಕೊಡುತ್ತಾರೆ. ಅದೇ ಹೀಟ್ ನಂಬರ್. ಆ ಪಾಕದಿಂದ ಆದ ಪ್ರತಿ ಬಾರಿನ ಮೇಲೂ, ಪ್ರತಿ ಸರ್ಟಿಫಿಕೇಟಿನಲ್ಲೂ ಅದೇ ಸಂಖ್ಯೆ ಇರುತ್ತದೆ. ಅದು ಲೋಹದ ಜಾತಕ. ನನಗೆ ಬಂದ ಎರಡೂ ಸರ್ಟಿಫಿಕೇಟುಗಳಲ್ಲಿ ಕಾರ್ಖಾನೆ ಒಂದೇ, ಸೈಜ್ ಒಂದೇ, ಹೀಟ್ ನಂಬರ್ ಕೂಡ ಒಂದೇ!

ಅಂದರೆ ಇಬ್ಬರೂ ಒಬ್ಬನೇ ಸ್ಟಾಕಿಸ್ಟನ ಮಾಲನ್ನು ನನಗೆ ತೋರಿಸುತ್ತಿದ್ದರು. ಲೋಹದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸ ಇದ್ದದ್ದು ಬೆಲೆಯಲ್ಲಿ ಮಾತ್ರ. ಐದು ಕಾಲು ಕಿಲೋಗೆ ಅದು ಏಳು ಸಾವಿರ ರೂಪಾಯಿಗೂ ಹೆಚ್ಚು. ಆ ಕೆಲಸದಲ್ಲಿ ನನ್ನ ಮಜೂರಿಯೇ ಅಷ್ಟಿರಲಿಲ್ಲ.

ಹನ್ನೊಂದನೆಯ ದಿನ ನನ್ನ ಕೊಟೇಶನ್ ಹೋಯಿತು. ಪರ್ಚೇಸ್ ಎಂಜಿನಿಯರು ಒಳ್ಳೆಯ ಮನುಷ್ಯ, ಫೋನು ಮಾಡಿ ಹೇಳಿದರು: ಆರ್ಡರ್ ಆಗಿಹೋಗಿದೆ. ಲೋಹ ಮಾರುವವರೊಬ್ಬರು ತಾವೇ ಕಾರ್ಖಾನೆಗೆ ಫೋನು ಮಾಡಿ, ತಮ್ಮ ಗುರುತಿನ ಲೇತಿನವನಿಂದ ಮಾಡಿಸಿಯೇ ಕೊಡುತ್ತೇವೆ ಎಂದಿದ್ದರಂತೆ. ‘ಯಾವ ಪಾರ್ಟಿಗೆ ಹೋಗುತ್ತದೆ’ ಎಂಬ ಪ್ರಶ್ನೆಗೆ ಅಂಥ ಫೋನುಗಳಲ್ಲೊಂದರಲ್ಲಿ ನಾನು ಕಾರ್ಖಾನೆಯ ಹೆಸರು ಹೇಳಿದ್ದೆ. ಬೆಲೆ ತಿಳಿಯುವ ಆಸೆಗೆ ಗಿರಾಕಿಯನ್ನೇ ಕೊಟ್ಟು ಬಂದಿದ್ದೆ.

ಅವರ ಕಡೆಯ ಮಾತು

ಸಿಟ್ಟಿನಲ್ಲಿ ಬರೆದರೆ ಇಲ್ಲಿಗೇ ಮುಗಿಸಬಹುದು. ಆದರೆ ವ್ಯಾಪಾರಿಗಳ ಮಾತನ್ನೂ ಕೇಳಬೇಕು. ಹಲವು ವರ್ಷಗಳಿಂದ ಸ್ಟೇನ್‌ಲೆಸ್ ಕೊಡುತ್ತಿರುವ ಒಬ್ಬ ಸೇಠರು ನನಗೆ ಪರಿಚಿತರು. ಅವರು ತಮ್ಮ ಕಷ್ಟ ಬಿಡಿಸಿ ಹೇಳಿದರು.

ಮೊದಲನೆಯದು ನಿಕಲ್. ಇದರ ದರ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ನಿರ್ಧಾರವಾಗುತ್ತದೆ. 2022ರ ಮಾರ್ಚ್ 8ರಂದು ಅಲ್ಲಿ ನಿಕಲ್ ಒಂದು ಟನ್ನಿಗೆ ಒಂದು ಲಕ್ಷ ಡಾಲರನ್ನೂ ದಾಟಿತು. ಕೆಲವೇ ದಿನ ಮೊದಲು ಅದು ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು. ಕೊನೆಗೆ ಎಕ್ಸ್‌ಚೇಂಜಿನವರು ವ್ಯವಹಾರವನ್ನೇ ನಿಲ್ಲಿಸಿ, ಆ ದಿನ ನಡೆದಿದ್ದ ನಿಕಲ್ ವ್ಯಾಪಾರವನ್ನೆಲ್ಲ ರದ್ದು ಮಾಡಿದರು. “ಅವತ್ತು ನಾನು ಬೋರ್ಡಿನಲ್ಲಿ ರೇಟ್ ಬರೆದಿಟ್ಟಿದ್ದರೆ ಅಂಗಡಿ ಮುಚ್ಚಬೇಕಿತ್ತು” ಎಂದರು ಸೇಠರು. ಟೈಟಾನಿಯಂ, ಟ್ಯಾಂಟಲಮ್‌ನಂಥ ಲೋಹಗಳ ಪಾಡು ಇನ್ನೂ ಬೇರೆ. ತಾಮ್ರ, ನಿಕಲ್‌ನಂತೆ ಎಕ್ಸ್‌ಚೇಂಜಿನಲ್ಲಿ ದಿನದ ದರ ನೋಡಿ ತಿಳಿಯುವ ಅನುಕೂಲ ಅವಕ್ಕೆ ಇಲ್ಲ.

ಎರಡನೆಯದು ತುಂಡು. ಮೂರು ಮೀಟರಿನ ಬಾರಿನಿಂದ ನನಗೆ ಒಂದು ಅಡಿ ಕತ್ತರಿಸಿ ಕೊಟ್ಟರೆ ಉಳಿದದ್ದು ಅವರ ತಲೆಯ ಮೇಲೆ. ಮುಂದಿನ ಗಿರಾಕಿಗೆ ಪೂರ್ತಿ ಉದ್ದವೇ ಬೇಕಾದರೆ ಆ ಬಾರು ವರ್ಷಗಟ್ಟಲೆ ಮೂಲೆ ಹಿಡಿಯುತ್ತದೆ. ಇಂಥ ಗಟ್ಟಿ ಲೋಹ ಕತ್ತರಿಸಲು ಬ್ಯಾಂಡ್‌ಸಾ ಬ್ಲೇಡು ಬೇಗ ಸವೆಯುತ್ತದೆ, ಸಮಯವೂ ಹೆಚ್ಚು. ಮೂರನೆಯದು ಉದ್ರಿ. ಕೈಯಲ್ಲಿ ದುಡ್ಡು ಕೊಡುವವನಿಗೂ ತೊಂಬತ್ತು ದಿನ ಸತಾಯಿಸುವವನಿಗೂ ಒಂದೇ ಬೆಲೆ ಹೇಳಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ನಾಲ್ಕನೆಯದನ್ನು ಅವರು ನಗುತ್ತಾ ಹೇಳಿದರು: ಬೆಲೆ ಬಹಿರಂಗ ಮಾಡಿದರೆ ಪಕ್ಕದ ಅಂಗಡಿಯವನು ಹತ್ತು ರೂಪಾಯಿ ಕಡಿಮೆ ಬರೆಯುತ್ತಾನೆ.

ಇವೆಲ್ಲ ಸುಳ್ಳಲ್ಲ. ಆದರೆ ದರ ಏರಿಳಿಯುತ್ತದೆ ಎಂದರೆ ಇವತ್ತಿನ ದರ ಇವತ್ತಿಗೆ ಮಾತ್ರ ಎಂದು ಬರೆಯಬಹುದಲ್ಲ? ಯುರೋಪಿನ ಸ್ಟೇನ್‌ಲೆಸ್ ಕಾರ್ಖಾನೆಗಳು ನಿಕಲ್, ಕ್ರೋಮಿಯಂ, ಮಾಲಿಬ್ಡಿನಮ್ ದರ ಹಿಡಿದು ಲೆಕ್ಕ ಹಾಕಿದ ಹೆಚ್ಚುವರಿ ದರವನ್ನು ತಿಂಗಳು ತಿಂಗಳೂ ಪ್ರಕಟಿಸುತ್ತವೆ. ಅಮೆರಿಕದ ಮೆಕ್‌ಮಾಸ್ಟರ್-ಕಾರ್‌ನಂಥ ಹಳೆಯ ಕಂಪನಿ ಒಂದು ಅಡಿ ತುಂಡಿನ ಬೆಲೆಯನ್ನೂ ಅದರ ಎದುರಿಗೇ ಬರೆಯುತ್ತದೆ. ಅಲ್ಲಿ ಬೆಲೆ ದುಬಾರಿ ಎನ್ನುವವರಿದ್ದಾರೆ. ಇರಬಹುದು. ದುಬಾರಿ ಎಂಬುದಾದರೂ ತಕ್ಷಣ ತಿಳಿಯುತ್ತದಲ್ಲ! ಕತ್ತರಿಸುವ ಖರ್ಚಿದ್ದರೆ ಕಟಿಂಗ್ ಚಾರ್ಜ್ ಎಂದು ಬೇರೆ ಬರೆಯಲಿ. ಉದ್ರಿಗೆ ಬಡ್ಡಿ ಸೇರಿಸಲಿ. ಸೇಠರು ಹೇಳಿದ ನಾಲ್ಕು ಕಾರಣಗಳಲ್ಲಿ ಮೊದಲ ಮೂರಕ್ಕೂ ಔಷಧವಿದೆ. ಉಳಿದ ನಾಲ್ಕನೆಯದೇ ನಿಜವಾದ ಕಾರಣ ಎಂದು ನನಗನ್ನಿಸುತ್ತದೆ. ಬೆಲೆ ಮುಚ್ಚಿಟ್ಟರೆ ಮಾತ್ರ ಎದುರಿನವನ ಮುಖ ನೋಡಿ ಬೆಲೆ ಕಟ್ಟಬಹುದು.

ಕಾನೂನಿನ ಆಸರೆಯೂ ಇಲ್ಲಿಲ್ಲ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಂ.ಆರ್.ಪಿ. ಇರಲೇಬೇಕೆಂದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು ಹೇಳುತ್ತವೆ. ಅವು ಇರುವುದು ಪೊಟ್ಟಣ ಕಟ್ಟಿ ಚಿಲ್ಲರೆಗೆ ಮಾರುವ ಸಾಮಾನಿಗೆ. ಕಾರ್ಖಾನೆಗೆ ಹೋಗುವ ಬಿಡಿ ಬಾರಿಗೆ ಅನ್ವಯಿಸುವುದಿಲ್ಲ.

ಬ್ಯಾಡಗಿಯಿಂದ ಬಂದ ಪ್ರಶ್ನೆ

ಆ ವಾರ ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಈ ಕಥೆ ಹೇಳಿದೆ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ, ಅಪ್ಪ ಮೆಣಸಿನಕಾಯಿ ಬೆಳೆದವರು. ಪೂರ್ತಿ ಕೇಳಿಸಿಕೊಂಡು ಅವರು ಅಂದರು: “ಅಲ್ಲೋ ತಮ್ಮಾ, ನಮ್ಮ ಮೆಣಸಿನಕಾಯಿಗೆ ರೇಟ್ ಮಂದಿ ಮುಂದ ಹೇಳ್ತಾರ. ನಿಮ್ಮ ಮುಂಬೈದಾಗ ಇನ್ನೂ ಟವೆಲ್ ಮುಚ್ಚೇ ವ್ಯಾಪಾರ ಮಾಡ್ತಾರೇನು?”

ದನದ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಮಾರುವವನೂ ದಲಾಲನೂ ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಒಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಾನು ಚಿಕ್ಕವನಿದ್ದಾಗ ಒಮ್ಮೆ ಅಪ್ಪ ಒಂದು ಜೋಡಿ ಎತ್ತು ಮಾರಿ ಬಂದು, ಪಕ್ಕದ ಹೊಲದವರ ಅಂಥದ್ದೇ ಜೋಡಿಗೆ ಎಷ್ಟು ಸಿಕ್ಕಿತೆಂದು ಆಮೇಲೆ ತಿಳಿದು, ರಾತ್ರಿ ಊಟ ಬಿಟ್ಟು ಕೂತದ್ದು ನೆನಪಿದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಹಾಗಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ನಿಯಂತ್ರಿಸುವ ಕರ್ನಾಟಕದ ಕಾಯ್ದೆ ಬಂದದ್ದು 1966ರಲ್ಲಿ. ಈಗ ಬ್ಯಾಡಗಿಯಲ್ಲಿ ಇ-ಟೆಂಡರು. ವ್ಯಾಪಾರಿಗಳು ಪ್ರತಿ ಲಾಟಿಗೆ ದರ ಹಾಕುತ್ತಾರೆ, ಆಮೇಲೆ ಯಾವ ಲಾಟಿಗೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಮೆಣಸಿನಕಾಯಿಯೇನೂ ಒಂದೇ ತರದ ಸರಕಲ್ಲ. ಕಡ್ಡಿ, ಡಬ್ಬಿ ಎಂಬ ಭೇದ, ಬಣ್ಣದ ಭೇದ, ತೇವದ ಭೇದ. ಒಂದು ಚೀಲದಂತೆ ಇನ್ನೊಂದಿಲ್ಲ. ಅಂಥ ಸರಕಿಗೆ ಹೊರಗೆ ಬೆಲೆ ಹೇಳಬಹುದಾದರೆ, ಗ್ರೇಡು, ಸೈಜು, ಹೀಟ್ ನಂಬರ್ ಎಲ್ಲವೂ ಕಾಗದದ ಮೇಲಿರುವ ಲೋಹಕ್ಕೆ ಯಾಕಾಗದು? ಮಾರುಕಟ್ಟೆಯಲ್ಲಿ ರೈತನಿಗೆ ಅನ್ಯಾಯ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತನ್ನ ಚೀಲಕ್ಕೂ ಪಕ್ಕದವನ ಚೀಲಕ್ಕೂ ಎಷ್ಟು ಅಂತರ ಎಂಬುದು ಅವನಿಗೆ ಅವತ್ತೇ ತಿಳಿಯುತ್ತದೆ.

ಮುಚ್ಚಿದ ಬೆಲೆಯಿಂದ ಹಣಕ್ಕಿಂತ ದೊಡ್ಡ ಅಪಾಯವೊಂದಿದೆ. ಸರಿಯಾದ ಬೆಲೆ ಎಷ್ಟೆಂದು ಗೊತ್ತಿಲ್ಲದವನಿಗೆ ಬೆಲೆ ಅತಿ ಕಡಿಮೆಯಾದಾಗ ಅನುಮಾನವೂ ಬರುವುದಿಲ್ಲ. ನುಣುಪಾಗಿ ತಿರುವಿದ ಮೇಲೆ 316 ಸ್ಟೇನ್‌ಲೆಸ್ಸೂ ಸಿ-276ವೂ ಬರಿಗಣ್ಣಿಗೆ ಒಂದೇ ತರ. ಆಸಿಡ್ ಪಂಪಿಗೆ ತಪ್ಪು ಲೋಹ ಹಾಕಿದರೆ, ಸೋರುವ ಜಾಗದ ಹತ್ತಿರ ನಿಂತವನು ಸೇಠನೂ ಅಲ್ಲ, ನಾನೂ ಅಲ್ಲ. ಪಾಳಿಯ ಮೇಲಿರುವ ಯಾವುದೋ ಹುಡುಗ.

ಈಗ ನಾನು ಮಾಡುವುದು

ಈ ಪತ್ರಿಕೆ ಓದುವವರಲ್ಲಿ ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರು, ಹೈದರಾಬಾದಿನ ಬಾಲಾನಗರದಂಥ ಕಡೆ ವರ್ಕ್‌ಶಾಪ್ ಇಟ್ಟುಕೊಂಡವರು ಇರಬಹುದು. ಅವರಿಗೆ ಉಪಯೋಗವಾಗಲೆಂದು ನಾನು ಕಲಿತದ್ದನ್ನು ಬರೆಯುತ್ತೇನೆ.

ತೂಕ ಮೊದಲೇ ನೀವೇ ತೆಗೆಯಿರಿ. ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಉಕ್ಕಿನ ರೌಂಡ್ ಬಾರಿನ ತೂಕ ಕಿಲೋದಲ್ಲಿ ಬರುತ್ತದೆ. ಸಿ-276 ಆದರೆ ಅದನ್ನು 1.13ರಿಂದ, ಮೋನೆಲ್ 400 ಆದರೆ 1.12ರಿಂದ, ಗ್ರೇಡ್ 5 ಟೈಟಾನಿಯಂ ಆದರೆ 0.56ರಿಂದ ಗುಣಿಸಿ. ಬಿಲ್ಲಿನ ತೂಕ ಇದಕ್ಕಿಂತ ತೀರ ಹೆಚ್ಚಿದ್ದರೆ ಪ್ರಶ್ನೆ ಕೇಳಿ.

ವಿಚಾರಣೆಯನ್ನು ಒಂದೇ ಸಲಕ್ಕೆ ಪೂರ್ತಿ ಬರೆದು ಕಳಿಸಿ: ಗ್ರೇಡು, ಸ್ಟ್ಯಾಂಡರ್ಡು (ಸಿ-276 ಬಾರಿಗೆ ಎ.ಎಸ್.ಟಿ.ಎಂ. ಬಿ 574), ವ್ಯಾಸ, ಉದ್ದ, 3.1 ಟೆಸ್ಟ್ ಸರ್ಟಿಫಿಕೇಟ್. ಕಿಲೋ ದರ, ಕಟಿಂಗ್, ಜಿ.ಎಸ್.ಟಿ. ಬೇರೆ ಬೇರೆ ಬರೆಯಲು ಹೇಳಿ. ಬೆಲೆ ಎಷ್ಟು ದಿನಕ್ಕೆ ಎಂಬುದನ್ನೂ ಕೇಳಿ. ಟಾರ್ಗೆಟ್ ಪ್ರೈಸ್ ಕೇಳಿದರೆ ಹೇಳಬೇಡಿ, ಗಿರಾಕಿಯ ಹೆಸರಂತೂ ಬೇಡವೇ ಬೇಡ. ಹೀಟ್ ನಂಬರ್ ಬಾರಿನ ಮೇಲೂ ಕಾಗದದ ಮೇಲೂ ತಾಳೆಯಾಗುತ್ತದೆಯೇ ನೋಡಿ, ಅನುಮಾನ ಬಂದರೆ ಪಿ.ಎಂ.ಐ. ಗನ್ನು ಹಿಡಿಸಿ. ಒಂದು ಬಾರು ಪರೀಕ್ಷಿಸುವುದು ಕೆಲವು ನಿಮಿಷಗಳ ಕೆಲಸ.

ಇನ್ನೊಂದು ಕೆಲಸವನ್ನು ನಾವು ಐದು ಗಾಲಾದವರು ಸೇರಿ ಶುರು ಮಾಡಿದೆವು. ಯಾರು ಯಾವ ಲೋಹ ಯಾವ ದಿನ ಯಾವ ಬೆಲೆಗೆ ಕೊಂಡರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಪುಸ್ತಕ ನನ್ನ ಗಾಲಾದ ಕಪಾಟಿನಲ್ಲಿದೆ, ಐವರಲ್ಲಿ ಯಾರು ಬೇಕಾದರೂ ಬಂದು ನೋಡಬಹುದು. ಮೊದಮೊದಲು ಎಲ್ಲರೂ ಹಿಂಜರಿದರು. ‘ನನಗೆ ಕಡಿಮೆಗೆ ಸಿಕ್ಕಿದ್ದನ್ನು ಇವನಿಗ್ಯಾಕೆ ಹೇಳಲಿ’ ಎಂಬ ಭಾವನೆ. ಅಂದರೆ ನಮ್ಮ ಕೈಯ ಮೇಲೂ ಟವೆಲ್ ಇತ್ತು.

ನನ್ನ ಟವೆಲ್ ತೆಗೆಸಿದವರು ಉಡುಪಿ ಕಡೆಯ ಒಬ್ಬ ಹೋಟೆಲಿನವರು. ಹಿಟ್ಟು ರುಬ್ಬುವ ಗ್ರೈಂಡರಿನ ಸವೆದ ಶಾಫ್ಟ್ ತಂದು, ಹೊಸದು ಮಾಡಲು ಎಷ್ಟಾಗುತ್ತದೆ ಎಂದು ಕೇಳಿದರು. ಅಭ್ಯಾಸಬಲದಿಂದ ನಾನು, “ನೀವು ಎಷ್ಟು ಅಂದಾಜು ಮಾಡಿದ್ದೀರಿ?” ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ನಾನು ಹೋಟೆಲಿನಲ್ಲಿ ದೋಸೆಗೆ ರೇಟ್ ಬೋರ್ಡು ಹಾಕಿದ್ದೇನೆ ಮಾರಾಯ್ರೆ. ಗಿರಾಕಿ ಬಂದು ಕೂತ್ರೆ ನಿಮ್ಮ ಅಂದಾಜು ಎಷ್ಟು ಅಂತ ಕೇಳುದಿಲ್ಲ.”

ಉತ್ತರ ಕೊಡಲಾಗಲಿಲ್ಲ. ಖೇತವಾಡಿಯಲ್ಲಿ ನನಗೆ ಆದದ್ದನ್ನೇ ನಾನು ಅವರಿಗೆ ಮಾಡಿದ್ದೆ. ಅಂದಿನಿಂದ ನನ್ನ ಕೊಟೇಶನ್ನಿನಲ್ಲಿ ಲೋಹದ ಬೆಲೆ, ಕಟಿಂಗ್, ಮಶೀನಿನ ಗಂಟೆ, ನನ್ನ ಲಾಭ ಬೇರೆ ಬೇರೆ ಸಾಲಿನಲ್ಲಿವೆ. ಅದನ್ನೇ ಹಿಡಿದುಕೊಂಡು ಬೇರೆಯವರ ಹತ್ತಿರ ಹೋಗಿ ಕಡಿಮೆ ಮಾಡಿಸಿಕೊಂಡವರು ಇದ್ದಾರೆ. ಎರಡು ಕೆಲಸ ಹಾಗೆ ಹೋದವು. ಚೌಕಾಸಿಯೇ ಮಾಡದೆ ಸಹಿ ಹಾಕಿದವರೂ ಇದ್ದಾರೆ. ಲಾಭವೋ ನಷ್ಟವೋ ಇನ್ನೂ ಲೆಕ್ಕ ಕೂಡಿಲ್ಲ.

ಈಚೆಗೆ ತಳೋಜಾದ ಒಂದು ಕಾರ್ಖಾನೆಯಿಂದ ಅದೇ ಅಳತೆಯ ಸ್ಲೀವಿನ ಕೆಲಸ ಬಂತು. ಈ ಸಲ ಪುಸ್ತಕ ತೆರೆದು ನೋಡಿದೆ, ಮೂವರಿಗೆ ವಿಚಾರಣೆ ಕಳಿಸಿದೆ. ಒಬ್ಬರು ಮಾತ್ರ ಎದುರು ಪ್ರಶ್ನೆ ಕೇಳದೆ ಅದೇ ದಿನ ಸಂಜೆ ಬೆಲೆ ಬರೆದು ಕಳಿಸಿದರು. ಉಳಿದಿಬ್ಬರ ಉತ್ತರಕ್ಕೆ ಕಾಯಲಿಲ್ಲ. ಇನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತೋ ಏನೋ. ಬೆಲೆ ಹೇಳಿದವರಿಗೆ ಕೆಲಸ ಸಿಗಬೇಕು ಎನ್ನುವುದಕ್ಕೆ ಅಷ್ಟು ಕೊಟ್ಟರೂ ಸರಿ.

ಬೆಲೆ ಮುಚ್ಚಿಡುವವರ ಬಗ್ಗೆ ಇಷ್ಟು ಬರೆದು ನಾನೇ ಮುಚ್ಚಿಟ್ಟರೆ ತಪ್ಪಾಗುತ್ತದೆ. ಹ್ಯಾಸ್ಟೆಲಾಯ್ ಸಿ-276, 50 ಮಿಲಿಮೀಟರ್ ರೌಂಡ್, 300 ಮಿಲಿಮೀಟರ್, ಬಿಲ್ಲಿನ ತೂಕ 5.4 ಕಿಲೋ. ಕಿಲೋಗೆ 3,350ರಂತೆ 18,090 ರೂಪಾಯಿ. ಕಟಿಂಗ್ 300. ಜಿ.ಎಸ್.ಟಿ. 18%. ಒಟ್ಟು 21,700 ರೂಪಾಯಿ 20 ಪೈಸೆ. ನಮ್ಮ ನೋಟ್‌ಬುಕ್ಕಿನಲ್ಲಿ ಇದು ಇಪ್ಪತ್ತಮೂರನೆಯ ಸಾಲು.